ಇಂದಿನ ಚಿಂತನೆ: ಅವ್ವನ ಪಾಲು ಎಷ್ಟು?

 

ತಮ್ಮ ಕೊಡಿಸಿದ ಸ್ಮಾರ್ಟ್ ವಾಚ್ ಕಟ್ಟಿಕೊಂಡು ಮೊನ್ನೆ ಹೊಸಪೇಟೆಯ ಜೋಳದರಾಶಿ ಗುಡ್ಡ ಹತ್ತಿ ಇಳಿದು ಬಂದೆ. "ಇವತ್ತು 310 ಕ್ಯಾಲೊರಿ ಖರ್ಚಾಯಿತು" ಎಂದು ಮನೆಯಲ್ಲಿ ಹೇಳಿಕೊಂಡೆ. ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಿ ಕೇಳಿದಳು: "ಕಂಪ್ಲಿ ಗದ್ದ್ಯಾಗ ಮುಂಜಾನಿಂದ ಸಂಜಿತನಕ ಬಗ್ಗಿ ಸಸಿ ಹಚ್ತಿದ್ವಲ್ಲ, ಅದಕ್ಕ ಎಷ್ಟು ಬರತೈತಪ್ಪ?"

ನನ್ನ ಬಳಿ ಉತ್ತರವಿರಲಿಲ್ಲ.

ವಾಚ್ ಹೇಳುವುದು ನಾಡಿಬಡಿತ, ತೂಕ, ವಯಸ್ಸು ನೋಡಿ ಹಾಕಿದ ಅಂದಾಜು ಅಷ್ಟೆ. ಸರಿಯಾಗಿ ಅಳೆಯಬೇಕೆಂದರೆ ಉಸಿರನ್ನು ಅಳೆಯಬೇಕು. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕಿಲೋಕ್ಯಾಲೊರಿ ಶಕ್ತಿ ಖರ್ಚಾಯಿತೆಂದು ಲೆಕ್ಕ. ನಾವು ಬಾಯಿಮಾತಿನಲ್ಲಿ ಕ್ಯಾಲೊರಿ ಅನ್ನುವುದು ಈ ಕಿಲೋಕ್ಯಾಲೊರಿಯನ್ನೇ. ಸುಮ್ಮನೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು ಖರ್ಚು ಮಾಡುತ್ತಲೇ ಇರುತ್ತವೆ. ಹೆಚ್ಚು ಮೈಮುರಿಯದ ನನ್ನಂಥವರ ದಿನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ.

ಇದು ಬರೀ ವಿಜ್ಞಾನದ ಮಾತಲ್ಲ, ಕೂಲಿಯ ಮಾತೂ ಹೌದು. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಒಂದು ಅಳತೆ ಗೊತ್ತುಮಾಡಿತು. ಆಹಾರ ತಜ್ಞ ಏಕ್ರಾಯ್ಡ್ ಹೇಳಿದಂತೆ, ಮಧ್ಯಮ ಶ್ರಮದ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ. ಒಂದು ಕುಟುಂಬಕ್ಕೆ ಮೂರು ಪಾಲು: ಗಂಡನಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಹೆಂಡತಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದೂ ಹೇಳಿದರು. ಒಬ್ಬನ ಕೂಲಿಯಲ್ಲೇ ಮನೆ ನಡೆಯಬೇಕು ಎಂಬ ಒಳ್ಳೆಯ ಉದ್ದೇಶವೇ ಅದು. ಆದರೆ ಕಂಪ್ಲಿಯಲ್ಲಿ ನಾಟಿ ಹಚ್ಚಿದವಳು, ಸಂಡೂರಿನಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದವಳು ಮಧ್ಯಮ ಶ್ರಮದವಳೇ? ಅವಳ ಮೈ ಸಣ್ಣದು, ಖರ್ಚು ಕಡಿಮೆ ಅನ್ನಬಹುದು. ಸಣ್ಣ ಮೈ ಕಡಿಮೆ ಬಳಸುತ್ತದೆ, ನಿಜ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು, ಬಹುಕಾಲ ಅರೆಹೊಟ್ಟೆಯಲ್ಲಿದ್ದ ಕೂಲಿಕಾರರ ದೇಹ ವಿಶ್ರಾಂತಿಯಲ್ಲಿ ಎಷ್ಟು ಶಕ್ತಿ ಬಳಸುತ್ತದೆಂದು ಅಳೆದರು. ಚೆನ್ನಾಗಿ ಉಂಡವರಿಗಿಂತ ಕಡಿಮೆ. ಆದರೆ ಆ ಮೈ ಸಣ್ಣದಾದದ್ದು ಯಾಕೆ? ಉಣ್ಣದೆ ಸೊರಗಿದ ಮೈಯನ್ನು ತೂಗಿ "ಇದಕ್ಕೆ ಇಷ್ಟೇ ಸಾಕು" ಅಂದರೆ, ಹಸಿವೇ ಹಸಿವಿಗೆ ಸಾಕ್ಷಿ ಹೇಳಿದ ಹಾಗೆ.

ಊಟದಲ್ಲಿ ಮಿತಿ ಅರಿಯುವುದನ್ನು ಭಗವಾನರೂ ಹೇಳಿದ್ದಾರೆ. ಯಾರಿಗೆ ಅನ್ನುವುದನ್ನು ನೋಡಿ. ಸಂಯುತ್ತ ನಿಕಾಯದಲ್ಲಿ ಕೋಸಲದ ಪಸೇನದಿ ರಾಜ ಒಂದು ದೋಣ ಅನ್ನ ಉಂಡು ಏದುಸಿರು ಬಿಡುತ್ತ ಬರುತ್ತಾನೆ. ಅವನಿಗೆ ಮಿತಿಯ ಮಾತು. ರಾಜ ಅದನ್ನು ಸುದಸ್ಸನ ಎಂಬ ಹುಡುಗನಿಂದ ದಿನಾ ಊಟದ ಹೊತ್ತಿಗೆ ಹೇಳಿಸಿಕೊಂಡು, ನಿಧಾನವಾಗಿ ಊಟ ಇಳಿಸಿದ. ಇನ್ನು ಧಮ್ಮಪದದ ಅಟ್ಠಕಥೆಯಲ್ಲಿ ಆಳವಿಯ ಬಡ ರೈತನಿದ್ದಾನೆ. ಕಳೆದ ಎತ್ತು ಹುಡುಕಿ, ಹಸಿದು, ತಡವಾಗಿ ಬಂದ. ಭಗವಾನರು ಅವನಿಗಾಗಿ ಉಪದೇಶ ನಿಲ್ಲಿಸಿ ಕಾದರು, ಮೊದಲು ಅವನಿಗೆ ಊಟ ಬಡಿಸಿರಿ ಎಂದರು, ಉಂಡ ಮೇಲೆಯೇ ಧಮ್ಮ ಹೇಳಿದರು. ಜೊತೆಯಲ್ಲಿದ್ದ ಭಿಕ್ಖುಗಳೇ ಗೊಣಗಿದರಂತೆ. ಈ ಎರಡು ಕಥೆಗಳನ್ನು ಅದಲು ಬದಲು ಮಾಡಿ ಓದುವವರು ಇವತ್ತಿಗೂ ಇದ್ದಾರೆ. ಹಸಿದವನಿಗೆ ಮಿತಿ, ಉಂಡವನಿಗೆ ಇನ್ನೊಂದು ಬಡಿಸು.

ಬೇರೆಯವರನ್ನು ಯಾಕೆ ಅನ್ನಲಿ? ನಮ್ಮನೆಯಲ್ಲಿ ಅವ್ವ ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ, ಸಾರಿನ ಪಾತ್ರೆಯಲ್ಲಿ ಉಳಿದದ್ದು. ದೀಕ್ಷೆ ತಗೊಂಡು ಇಷ್ಟು ವರ್ಷವಾದರೂ ನಾನು ಅದನ್ನು ಅಳೆದಿರಲಿಲ್ಲ. ನಿನ್ನೆ ರಾತ್ರಿ ಮೊದಲ ತಟ್ಟೆ ಅವಳಿಗೆ ಹಾಕಿದೆ. "ಮಕ್ಕಳು ಉಂಡಿಲ್ಲ, ನನಗ್ಯಾಕೋ?" ಎಂದು ಬೈದಳು. ಆಮೇಲೆ ಕೂತಳು. ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡಳು.