ಔಷಧದಾನವೂ ಲಾಟರಿಯ ಹಣವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಕೇಳದ ಶ್ರಾವಕನಿಲ್ಲ. ಸಮಂತಭದ್ರಾಚಾರ್ಯರು ತಮ್ಮ ಶ್ರಾವಕಾಚಾರ ಗ್ರಂಥದಲ್ಲಿ ಔಷಧದಾನಕ್ಕೆ ವೃಷಭಸೇನೆಯ ನಿದರ್ಶನವನ್ನು ಕೊಟ್ಟಿರುವುದನ್ನು ಸ್ವಾಧ್ಯಾಯದಲ್ಲಿ ಕುಳಿತವರೆಲ್ಲರೂ ಬಲ್ಲರು. ಆ ಕಾಲದ ಔಷಧವು ಒಬ್ಬ ಗೃಹಸ್ಥನ ಕೈಗೆ ನಿಲುಕುವಂತಹದಾಗಿತ್ತು. ಬೇರು, ತೊಗಟೆ, ಸೊಪ್ಪು ಇವು ತೋಟದ ಅಂಚಿನಲ್ಲಿಯೇ ದೊರೆಯುತ್ತಿದ್ದವು. ಅರೆಯುವ ಕಲ್ಲು ಮನೆಯಲ್ಲಿಯೇ ಇತ್ತು. ಪಂಡಿತರಿಗೆ ವೀಳ್ಯದೊಡನೆ ನಾಲ್ಕು ಸೇರು ಅಕ್ಕಿಯನ್ನು ಒಪ್ಪಿಸಿದರೆ ಸಂತೋಷದಿಂದ ಸ್ವೀಕರಿಸುತ್ತಿದ್ದರು. ಕೊಡುವವನ ಶಕ್ತಿಗೂ ಪಡೆಯುವವನ ಅಗತ್ಯಕ್ಕೂ ನಡುವೆ ಹೆಚ್ಚಿನ ಅಂತರವಿರಲಿಲ್ಲ.

ಇಂದು ಆ ಅಂತರವು ಸಮುದ್ರದಷ್ಟಾಗಿದೆ. ಹೃದಯದ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ಡಯಾಲಿಸಿಸ್, ಕ್ಯಾನ್ಸರಿನ ಔಷಧ ಇವುಗಳ ಖರ್ಚನ್ನು ಒಬ್ಬ ದಾನಿಯು ಹೊರಲು ಹೊರಟರೆ ಒಂದೆರಡು ವರ್ಷಗಳಲ್ಲಿ ಅವನೇ ಬೇಡುವ ಸ್ಥಿತಿಗೆ ಬರಬಹುದು. ಆದುದರಿಂದ ಔಷಧದಾನವು ಈಗ ಒಬ್ಬನ ಕೈಯಿಂದ ಹಲವರ ಕೈಗೆ ಜಾರಿದೆ. ಸರ್ಕಾರದ ತೆರಿಗೆ, ವಿಮೆಯ ಕಂತು, ಕಾಸರಗೋಡು ಸೀಮೆಯಲ್ಲಂತೂ ಲಾಟರಿಯ ಚೀಟಿ ಕೂಡ ಆ ಕೈಗಳೇ ಆಗಿವೆ. ಈ ಕೈಗಳಿಂದ ಬಂದುದು ದಾನವೇ? ಋಣವೇ? ಅಥವಾ ಬೆಲೆ ತೆತ್ತು ಕೊಂಡ ಸರಕೇ? ವ್ಯಾಪಾರಿಯಾದವನು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಹಣವು ಯಾವ ಖಾತೆಯಿಂದ ಬಂದು ಯಾವ ಖಾತೆಗೆ ಹೋಯಿತೆಂದು ನೋಡುವುದೇ ಅವನ ನಿತ್ಯದ ಉದ್ಯೋಗವಷ್ಟೆ.

ಮೊದಲು ಲಾಟರಿಯ ವಿಷಯ. ಸರ್ಕಾರದ ಇಲಾಖೆಯೊಂದು ತಾನೇ ಲಾಟರಿಯನ್ನು ನಡೆಸುವ ಪದ್ಧತಿಯನ್ನು ಕೇರಳ ರಾಜ್ಯವು 1967ರಲ್ಲಿ ಆರಂಭಿಸಿತು. ಮೊದಲ ಡ್ರಾ 1968ರ ಜನವರಿ 26ರಂದು ನಡೆಯಿತು. 2011ರಲ್ಲಿ ‘ಕಾರುಣ್ಯ’ ಎಂಬ ಹೆಸರಿನ ಲಾಟರಿಯು ಬಂತು. ಅದರ ಆದಾಯದಿಂದ ಕಾರುಣ್ಯ ನಿಧಿಯನ್ನು ಸ್ಥಾಪಿಸಿ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ ಮುಂತಾದುವುಗಳಿಂದ ನರಳುವ ಬಡವರಿಗೆ ನೆರವು ಕೊಡಲಾಯಿತು. 2019ರಲ್ಲಿ ‘ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ’ಯು ಆರಂಭವಾಗಿ, ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯೊಡನೆ ಕೂಡಿಕೊಂಡು, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚವನ್ನು ವಹಿಸಿಕೊಂಡಿತು. ಹೆಸರಿನಲ್ಲಿ ಮಾತ್ರ ಕಾರುಣ್ಯವು ಹಾಗೆಯೇ ಉಳಿಯಿತು.

ತಲಪಾಡಿಯ ಗಡಿಯನ್ನು ದಾಟಿದರೆ ಲೆಕ್ಕವೇ ಬೇರೆ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ಸಂಪೂರ್ಣವಾಗಿ ನಿಷೇಧಿಸಿತು. ಕೂಲಿಯವರ ಮನೆಗಳು ಅದರಿಂದ ಹಾಳಾಗುತ್ತಿದ್ದುದೇ ಅದಕ್ಕೆ ಕಾರಣ. ಹೀಗೆ ಒಂದೇ ರಸ್ತೆಯ ಈಚೆಗೆ ಕಾರುಣ್ಯವೆನಿಸಿದ್ದು ಆಚೆಗೆ ಅಪರಾಧವೆನಿಸುತ್ತದೆ. ಜಿನಾಗಮದ ದೃಷ್ಟಿಯಲ್ಲಿಯಾದರೋ ಸಪ್ತವ್ಯಸನಗಳಲ್ಲಿ ಮೊದಲು ಹೇಳಿರುವುದೇ ದ್ಯೂತ. ಹಾಗಾದರೆ ಆ ಹಣದಿಂದ ಡಯಾಲಿಸಿಸ್ ಮಾಡಿಸಿಕೊಂಡ ರೋಗಿಯು ದ್ಯೂತದ ಫಲವನ್ನು ಉಂಡಂತಾಯಿತೇ?

ಹಾಗೆನ್ನುವವನ ನಾಲಿಗೆಗೆ ಕರುಣೆಯಿಲ್ಲ. ಪ್ರಾಣಸಂಕಟದಲ್ಲಿರುವವನು ತನ್ನ ಮುಂದಿಟ್ಟ ನೀರು ಯಾವ ಬಾವಿಯದೆಂದು ವಿಚಾರಿಸುತ್ತ ಕೂರುವಂತಿಲ್ಲ. ಚೀಟಿ ಮಾರುವವರಲ್ಲಿಯೂ ಅನೇಕರು ಅಂಗವಿಕಲರು, ಬೇರೆ ದುಡಿಮೆಯನ್ನು ಮಾಡಲಾರದ ವೃದ್ಧರು. ಅವರ ಗಂಜಿಯೂ ಅದರಿಂದಲೇ ಬೇಯುತ್ತದೆ. ಕೊಳ್ಳುವವನೂ ಕೆಲವೊಮ್ಮೆ ‘ಬಂದರೆ ಭಾಗ್ಯ, ಬಾರದಿದ್ದರೆ ಯಾರೋ ರೋಗಿಗೆ ಆಯಿತು’ ಎನ್ನುತ್ತಾನೆ. ಆ ಮಾತಿನಲ್ಲಿ ಲೋಭವೂ ದಯೆಯೂ ನೀರು ಹಾಲಿನಂತೆ ಬೆರೆತಿವೆ. ಬೇರ್ಪಡಿಸಲು ಹಂಸಪಕ್ಷಿಯೇ ಬೇಕು.

ದೋಷವನ್ನು ಹುಡುಕುವುದಾದರೆ ಇನ್ನೊಂದು ಕಡೆಗೆ ನೋಡಬೇಕಾಗುತ್ತದೆ. ಬಹುಪಾಲು ಚೀಟಿಗಳನ್ನು ಕೊಳ್ಳುವವರು ದಿನಗೂಲಿಯವರು, ಆಟೋ ಚಾಲಕರು, ಸಣ್ಣ ಸಂಬಳದವರು. ಅಂದರೆ ಬಡವನ ಚಿಕಿತ್ಸೆಗೆ ಇನ್ನೊಬ್ಬ ಬಡವನ ಆಸೆಯಿಂದ ಹಣ ಒದಗುತ್ತಿದೆ. ಉಳ್ಳವರಿಂದ ತೆರಿಗೆಯಾಗಿ ಬರಬೇಕಾಗಿದ್ದುದು ಬಾರದೆ ಹೋದಾಗ ಸರ್ಕಾರವು ಇಂತಹ ದಾರಿಗಳನ್ನು ಹಿಡಿಯುತ್ತದೆ. ಆ ತೆರಿಗೆಯು ಎಲ್ಲಿ ಸೋರಿತೆಂದು ಕೇಳಿದರೆ ಪೇಟೆಯ ಅನೇಕ ಅಂಗಡಿಗಳಲ್ಲಿ ತಲೆ ತಗ್ಗಿಸಬೇಕಾದೀತು. ‘ಬಿಲ್ಲು ಬೇಕೋ, ಬೇಡವೋ?’ ಎಂದು ಗಿರಾಕಿಯನ್ನು ಕೇಳಿ, ಬೇಡವೆಂದರೆ ಹತ್ತು ರೂಪಾಯಿ ಇಳಿಸಿ ಕೊಡುವುದು ವ್ಯಾಪಾರದ ಜಾಣತನವೆಂದೇ ನಡೆದು ಬಂದಿದೆ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕಳ್ಳ ತೂಕ, ಕಲಬೆರಕೆಗಳ ಜೊತೆಯಲ್ಲಿಯೇ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಲಾಗಿದೆ. ರಾಜ್ಯದ ನಿಯಮವನ್ನು ಮೀರಿ, ಕೊಡಬೇಕಾದ ಸುಂಕವನ್ನು ತಪ್ಪಿಸುವುದೂ ಅದರಲ್ಲಿ ಸೇರಿದೆಯೆಂದು ಪಂಡಿತರು ಅರ್ಥ ಹೇಳುತ್ತಾರೆ. ತಕ್ಕಡಿಯಲ್ಲಿ ಒಂದು ಗುಂಜಿಯೂ ತಪ್ಪದಂತೆ ತೂಗುವವನು ಬಿಲ್ಲಿನ ಮಾತಿನಲ್ಲಿ ಮಾತ್ರ ಸಡಿಲವಾಗುವುದು ವಿಚಿತ್ರ. ಅದೇ ವ್ಯಕ್ತಿಯು ವರ್ಷಾಂತ್ಯದಲ್ಲಿ ಆಸ್ಪತ್ರೆಗೆ ಒಂದು ಗಾಲಿಕುರ್ಚಿಯನ್ನು ಕೊಟ್ಟು ಅದರ ಬೆನ್ನಿಗೆ ತನ್ನ ಹೆಸರನ್ನು ಬರೆಯಿಸುತ್ತಾನೆ. ಕುರ್ಚಿಯಿಂದ ರೋಗಿಗೆ ಉಪಕಾರವಾಗುವುದು ನಿಜವೇ. ಆದರೆ ದಾತೃವಿನ ಧನವು ನ್ಯಾಯೋಪಾತ್ತವಾಗಿರಬೇಕೆಂದು ಹಿರಿಯರು ವಿಧಿಸಿರುವುದನ್ನು ನೆನೆದರೆ, ಲಾಟರಿಯ ಹಣಕ್ಕೂ ಆ ಕುರ್ಚಿಯ ಹಣಕ್ಕೂ ಇರುವ ಭೇದವು ಬಹಳವೇನೂ ಅಲ್ಲ.

ಇನ್ನು ವಿಮೆಯ ವಿಷಯ. ವಿಮೆಯೂ ಒಂದು ಬಗೆಯ ಜೂಜೇ, ತನ್ನ ರೋಗದ ಮೇಲೆ ತಾನೇ ಪಣ ಒಡ್ಡುವುದು ಶ್ರಾವಕನಿಗೆ ತಕ್ಕುದಲ್ಲ ಎಂದು ವಾದಿಸುವ ಹಿರಿಯರು ಈಗಲೂ ಇದ್ದಾರೆ. ಮೇಲುನೋಟಕ್ಕೆ ಎರಡರ ಗಣಿತವೂ ಒಂದೇ: ಅನೇಕರಿಂದ ಅಲ್ಪವನ್ನು ಪಡೆದು ಒಬ್ಬನಿಗೆ ಅಧಿಕವನ್ನು ಕೊಡುವುದು. ಆದರೆ ಲಾಟರಿಯು ಇಲ್ಲದ ಅಪಾಯವನ್ನು ತಾನೇ ಹುಟ್ಟಿಸುತ್ತದೆ. ವಿಮೆಯಾದರೋ, ಮನುಷ್ಯನ ಶರೀರಕ್ಕೆ ಅಂಟಿಯೇ ಬಂದಿರುವ ಅಪಾಯವನ್ನು ಹತ್ತು ಹೆಗಲುಗಳ ಮೇಲೆ ಹಂಚುತ್ತದೆ. ಲಾಟರಿ ಕೊಂಡವನು ತನ್ನ ಸರದಿಗಾಗಿ ಹಂಬಲಿಸುತ್ತಾನೆ. ವಿಮೆ ಮಾಡಿಸಿದವನು ತನ್ನ ಸರದಿ ಬಾರದಿರಲೆಂದು ಬೇಡುತ್ತಾನೆ. ಕಂತನ್ನು ಕಟ್ಟಿ, ವರ್ಷವಿಡೀ ಆರೋಗ್ಯವಾಗಿದ್ದು, ‘ದುಡ್ಡು ವ್ಯರ್ಥವಾಯಿತು’ ಎಂದು ಪೇಚಾಡುವವನು ಮಾತ್ರ ಎರಡನ್ನೂ ಒಂದೇ ಮಾಡಿಕೊಂಡಿದ್ದಾನೆ.

ಈ ಹಂಚಿಕೆಯ ಕ್ರಮವು ಕನ್ನಡ ನಾಡಿನಲ್ಲಿ ಸಾಮಾನ್ಯರಿಗೂ ದಕ್ಕಿತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ರೈತನು ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿ ಶಸ್ತ್ರಚಿಕಿತ್ಸೆಯ ಭದ್ರತೆಯನ್ನು ಪಡೆದನು. 2018ರಲ್ಲಿ ನಿಂತುಹೋಗಿದ್ದ ಆ ಯೋಜನೆಯನ್ನು 2022ರಲ್ಲಿ ಮತ್ತೆ ಆರಂಭಿಸಲಾಯಿತು. ಪೆರ್ಗಡೆ ಮನೆತನದ ಆಡಳಿತದಲ್ಲಿ ಚತುರ್ದಾನಕ್ಕೆ ಹೆಸರಾದ ಧರ್ಮಸ್ಥಳದಲ್ಲಿಯೂ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ 2004ರಲ್ಲಿ ‘ಸಂಪೂರ್ಣ ಸುರಕ್ಷಾ’ ಎಂಬ ವಿಮೆಯನ್ನು ತರಲಾಯಿತು. ಔಷಧದಾನದ ಪರಂಪರೆಯುಳ್ಳ ಕ್ಷೇತ್ರವೇ ವಿಮೆಯನ್ನು ಕೈಗೆತ್ತಿಕೊಂಡುದು ಚಿಂತನಾರ್ಹವಾದ ಸಂಗತಿ.

ಆದರೂ ಮಾರುಕಟ್ಟೆಯಲ್ಲಿ ಮಾರಾಟವಾಗುವ ವಿಮೆಯು ಬೇರೆಯೇ. 1986ರಲ್ಲಿ ಸರ್ಕಾರಿ ಕಂಪನಿಗಳು ಮೆಡಿಕ್ಲೈಮ್ ಆರಂಭಿಸಿದಂದಿನಿಂದಲೂ ಸಣ್ಣ ಅಕ್ಷರಗಳ ಷರತ್ತುಗಳು ಅದರ ಬೆನ್ನಿಗಿವೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಗರಿಷ್ಠ ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿತು. 65 ದಾಟಿದವರಿಗೂ ಹೊಸ ಪಾಲಿಸಿಯನ್ನು ಕೊಡುವ ದಾರಿಯನ್ನು ತೆರೆಯಿತು. ದಾರಿಯೇನೋ ತೆರೆಯಿತು, ಆದರೆ ಆ ವಯಸ್ಸಿನವರ ಕಂತಿನ ಮೊತ್ತವನ್ನು ನೋಡಿದರೆ ರಕ್ತದೊತ್ತಡವಿಲ್ಲದವನಿಗೂ ಅದು ಬಂದೀತು. 2025ರ ಸೆಪ್ಟೆಂಬರ್ 22ರಂದು ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು ತೆಗೆದುಹಾಕಲಾಯಿತು. ಅದೇ ದಿನ ಲಾಟರಿಯ ಮೇಲಿನ ಜಿಎಸ್‌ಟಿಯನ್ನು ಶೇಕಡಾ 28ರಿಂದ 40ಕ್ಕೆ ಏರಿಸಲಾಯಿತು. ಸರ್ಕಾರಕ್ಕೂ ಈ ಎರಡರ ಭೇದವು ತಿಳಿದಿದೆಯೆಂದಾಯಿತು.

ಹಣವನ್ನು ಸುರಿಯದೆಯೇ ಬಡವನ ಭಾರವನ್ನು ಇಳಿಸುವ ಉಪಾಯವೂ ಉಂಟು. ಹೃದಯದ ನಾಳಕ್ಕೆ ಹಾಕುವ ಔಷಧಲೇಪಿತ ಸ್ಟೆಂಟಿನ ಬೆಲೆಯನ್ನು 2017ರ ಫೆಬ್ರವರಿಯಲ್ಲಿ ಕೇಂದ್ರವು 29,600 ರೂಪಾಯಿಗಳಿಗೆ ಮಿತಗೊಳಿಸಿತು. ಅದಕ್ಕೆ ಮೊದಲು ರೋಗಿಯು ಒಂದು ಲಕ್ಷಕ್ಕೂ ಮೀರಿ ತೆರಬೇಕಾಗುತ್ತಿತ್ತು. ಲಾಭವಿಲ್ಲದೆ ವ್ಯಾಪಾರವಿಲ್ಲವೆಂಬುದನ್ನು ಯಾವ ವ್ಯಾಪಾರಿಯೂ ಅಲ್ಲಗಳೆಯಲಾರ. ಆದರೆ ಎದೆ ಹಿಡಿದುಕೊಂಡು ಮಲಗಿದವನು ಗಿರಾಕಿಯೇ ಅಲ್ಲ. ಅವನು ಚೌಕಾಸಿ ಮಾಡಲಾರ, ಇನ್ನೊಂದು ಅಂಗಡಿಗೆ ಹೋಗಲಾರ, ನಾಳೆ ಬರುವೆನೆಂದೂ ಹೇಳಲಾರ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕಿಸೆಯಿಂದ ಕೊಡುವ ಪಾಲು 2013–14ರಲ್ಲಿ ಶೇಕಡಾ 64.2 ಇದ್ದುದು 2021–22ರಲ್ಲಿ ಶೇಕಡಾ 39.4ಕ್ಕೆ ಇಳಿಯಿತೆಂದು ಕೇಂದ್ರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರವು ತಿಳಿಸುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರ ವೇಳೆಗೆ ಸರ್ಕಾರಗಳ ವೆಚ್ಚವು ದೇಶದ ಉತ್ಪನ್ನದ ಶೇಕಡಾ 2.5 ಆಗಬೇಕೆಂದಿತ್ತು, 2021–22ರಲ್ಲಿ, ಕೊರೊನಾ ಕಾಲದ ಖರ್ಚೂ ಸೇರಿ, ಅದು ಶೇಕಡಾ 1.84 ಆಗಿತ್ತು.

ಅಂಕಿಗಳಿಗೆ ಸಿಗದ ಖರ್ಚುಗಳೂ ಇವೆ. ಮಂಜೇಶ್ವರದ ಕಡೆಯ ಒಬ್ಬ ಬೀಡಿ ಕಟ್ಟುವ ತಾಯಿಯನ್ನು ಭಾವಿಸಿಕೊಳ್ಳಬಹುದು. ವಾರಕ್ಕೆ ಎರಡೋ ಮೂರೋ ಬಾರಿ ಮಂಗಳೂರಿನಲ್ಲಿ ಡಯಾಲಿಸಿಸ್. ಚಿಕಿತ್ಸೆಯು ಕಾರ್ಡಿನಲ್ಲಿ ನಡೆದರೂ ಜೊತೆಗೆ ಹೋಗುವ ಮಗನ ಅಂದಿನ ಕೂಲಿ ಕಾರ್ಡಿನಲ್ಲಿ ಬರುವುದಿಲ್ಲ. ಬಸ್ಸಿನ ಟಿಕೆಟು, ಮಧ್ಯಾಹ್ನದ ಊಟ, ಹೊರಗಿನ ಅಂಗಡಿಯಿಂದ ತರಬೇಕಾದ ಮಾತ್ರೆ ಇವೂ ಬರುವುದಿಲ್ಲ. ವಿಮೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನನ್ನು ಕಾಣುತ್ತದೆ. ಮನೆಯಲ್ಲಿದ್ದು ನಿತ್ಯವೂ ಮಾತ್ರೆ ನುಂಗುವವನು ಅದರ ಕಣ್ಣಿಗೆ ಬೀಳುವುದು ಅಪರೂಪ. ಮೇಲಾಗಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅರ್ಜಿಯು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬಂದರೆ ಸಹಿ ಹಾಕುವುದಕ್ಕೂ ಇನ್ನೊಬ್ಬರ ಮುಖ ನೋಡಬೇಕು.

ಗಡಿಯೆಂಬುದು ಏನೆಂದು 2020ರ ಮಾರ್ಚ್ ಕೊನೆಯಲ್ಲಿ ಎಲ್ಲರೂ ಕಂಡರು. ಕೊರೊನಾ ಭೀತಿಯಿಂದ ಕರ್ನಾಟಕವು ರಸ್ತೆಗಳನ್ನು ಮುಚ್ಚಿದಾಗ, ತಲೆತಲಾಂತರದಿಂದ ಮಂಗಳೂರನ್ನೇ ನೆಚ್ಚಿದ್ದ ರೋಗಿಗಳು ತಲಪಾಡಿಯಲ್ಲಿ ನಿಂತರು. ಸಕಾಲದಲ್ಲಿ ಆಸ್ಪತ್ರೆಗೆ ತಲಪದೆ ಹಲವರು ಮೃತರಾದರು. ವಿವಾದವು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ತಿಂಗಳಲ್ಲಿ ತುರ್ತು ರೋಗಿಗಳಿಗೆ ದಾರಿಯಾಯಿತು. ಆ ದಿನಗಳಲ್ಲಿ ಕೈಯಲ್ಲಿ ಹಣವಿದ್ದವನೂ ಕಾರ್ಡಿದ್ದವನೂ ಒಂದೇ ಸಾಲಿನಲ್ಲಿದ್ದರು.

ಕಾಸರಗೋಡಿನಲ್ಲಿ ದಾನವೆಂಬ ಶಬ್ದವನ್ನೇ ಬಳಸಕೂಡದ ಒಂದು ಕಡೆಯಿದೆ. ಸರ್ಕಾರಿ ನಿಗಮದ ಗೇರು ತೋಟಗಳಿಗೆ 2000ದವರೆಗೂ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಬಂದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ರಾಜ್ಯಕ್ಕೆ ಆದೇಶಿಸಿತು. ಅವರ ಔಷಧದ ಖರ್ಚು ಸರ್ಕಾರದ ಕಿರ್ದಿಯಲ್ಲಿ ಧರ್ಮದ ಬಾಬಿನಲ್ಲಿ ಬರುವಂತಹದಲ್ಲ, ಸಾಲದ ಬಾಬಿನಲ್ಲಿ ಬರತಕ್ಕದ್ದು. ಸಾಲ ತೀರಿಸುವವನು ಫೋಟೊ ತೆಗೆಸಿಕೊಳ್ಳುವುದಿಲ್ಲ.

ಹೀಗಿರುವಾಗ ಗೃಹಸ್ಥನ ಔಷಧದಾನಕ್ಕೆ ಇನ್ನು ಎಡೆಯೇ ಇಲ್ಲವೇ ಎಂದು ಕೇಳಬಹುದು. ಐದು ಲಕ್ಷದ ಶಸ್ತ್ರಚಿಕಿತ್ಸೆಯನ್ನು ಅವನು ಮಾಡಿಸಬೇಕಾಗಿಲ್ಲ. ಅದು ಅವನು ನ್ಯಾಯವಾಗಿ ಕಟ್ಟಿದ ತೆರಿಗೆಯಿಂದ ಆಗತಕ್ಕ ಕಾರ್ಯ. ಆದರೆ ಆ ಬೀಡಿಯ ತಾಯಿಯ ಬಸ್ಸಿನ ಖರ್ಚು, ಮಗನ ಒಂದು ದಿನದ ಕೂಲಿ, ತಿಂಗಳ ಮಾತ್ರೆ ಇವು ಈಗಲೂ ಒಬ್ಬ ಅಂಗಡಿಯವನ ಕೈಗೆ ನಿಲುಕುತ್ತವೆ. ಹಣವಿಲ್ಲದವರೂ ಮಾಡಬಹುದಾದ ಕೆಲಸವಿದೆ: ಅರ್ಜಿಯನ್ನು ಓದಿ ಹೇಳುವುದು, ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಂದು ಹೊರಡುವ ಮೊದಲೇ ಫೋನಿನಲ್ಲಿ ವಿಚಾರಿಸಿಕೊಡುವುದು, ಮಗನಿಗೆ ಬಿಡುವಿಲ್ಲದ ದಿನ ಜೊತೆಗೆ ಹೋಗಿ ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕುಳಿತಿರುವುದು.