ಎಂದಿನಷ್ಟು ಎಂದರೆ ಎಷ್ಟು?

ಶರಣ ಆಯ್ದಕ್ಕಿ ಮಾರಯ್ಯನ ಕತೆ ಎಲ್ಲರಿಗೂ ಗೊತ್ತಿರುವುದೇ. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನದ್ದನ್ನು ತಂದಲ್ಲಿಗೇ ಸುರಿದು ಬಾ ಎಂದಳು. ಯಾರ ಕೈಕೆಳಗೂ ಇರದೆ ವೆಬ್‌ಸೈಟ್ ಮಾಡಿಕೊಟ್ಟು ಬದುಕುವ ನನ್ನಂಥವರನ್ನು ಈ ಕತೆ ಇಕ್ಕಟ್ಟಿಗೆ ಸಿಲುಕಿಸುತ್ತದೆ. ನಮಗೆ ‘ಎಂದಿನಷ್ಟು’ ಎಂಬುದೇ ಇಲ್ಲವಲ್ಲ.

ದುಡ್ಡು ಬರುವ ರೀತಿಯೇ ಹಾಗೆ. ಕೆಲಸ ಒಪ್ಪಿದಾಗ ಅರ್ಧ ಅಡ್ವಾನ್ಸ್, ಸೈಟ್ ಲೈವ್ ಆದ ಮೇಲೆ ಉಳಿದರ್ಧ. ಈ ಎರಡು ಅರ್ಧಗಳ ನಡುವೆ ಎಷ್ಟು ದಿನ ಎಂಬುದು ನಮ್ಮ ಕೈಯಲ್ಲಿಲ್ಲ. ವಿನ್ಯಾಸ ಸಿದ್ಧವಾಗಿರುತ್ತದೆ, ಕ್ಲೈಂಟ್ ಕಡೆಯಿಂದ ಫೋಟೊ ಬಂದಿರುವುದಿಲ್ಲ, ಬರಹ ಬಂದಿರುವುದಿಲ್ಲ. “ಕಂಟೆಂಟ್ ನಾಳೆ ಕಳಿಸ್ತೀವಿ ಸರ್” ಎಂಬ ಆ ನಾಳೆಯ ಮೇಲೆ ನಮ್ಮ ಬ್ಯಾಲೆನ್ಸ್ ನಿಂತಿರುತ್ತದೆ. ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂದು 2006ರ ಎಂಎಸ್‌ಎಂಇಡಿ ಕಾಯ್ದೆಯೇನೋ ಹೇಳುತ್ತದೆ. ಮುಂದಿನ ವರ್ಷವೂ ಕೆಲಸ ಕೊಡಬಹುದಾದವರಿಗೆ ಯಾರು ನೋಟಿಸ್ ಕಳಿಸುತ್ತಾರೆ?

ಹಾಗಾಗಿ ಎರಡು ಮೂರು ಬಾಕಿ ಒಟ್ಟಿಗೇ ಬಂದ ತಿಂಗಳು ಖಾತೆ ತುಂಬಿದಂತೆ ಕಾಣುತ್ತದೆ. ಅದರಲ್ಲಿ ನನ್ನದೆಷ್ಟು? ವರ್ಷದ ವಹಿವಾಟು 20 ಲಕ್ಷ ದಾಟಿದವರ ಬಿಲ್ಲಿನಲ್ಲಿರುವ ಶೇಕಡಾ 18 ಜಿಎಸ್‌ಟಿ ಸರ್ಕಾರದ್ದು. ಕ್ಲೈಂಟ್ ಡೊಮೇನ್‌ಗೆ, ಹೋಸ್ಟಿಂಗ್‌ಗೆ ಎಂದು ಕೊಟ್ಟದ್ದು ಯಾವುದೋ ಸರ್ವರ್ ಕಂಪನಿಯದ್ದು. ರಿನ್ಯೂವಲ್ ದಿನ ಬಂದಾಗ ನನ್ನ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತದೆ, ಕ್ಲೈಂಟ್ ಕೊಟ್ಟಿರಲಿ ಬಿಡಲಿ. ಮಿಕ್ಕಿದ್ದರಲ್ಲಿಯೂ ಒಂದು ಪಾಲು ಇನ್ನೂ ಬಾರದ, ಕೆಲಸವಿರದ ತಿಂಗಳುಗಳಿಗೆ ಸೇರಿದ್ದು.

ಲಕ್ಕಮ್ಮನ ಮುಂದೆ ನಾನು ಹೂಡಬಹುದಾದ ವಾದ ಇದೇ. ಅಮ್ಮಾ, ನಿಮ್ಮ ಅಂಗಳದಲ್ಲಿ ನಾಳೆಯೂ ಅಕ್ಕಿ ಬೀಳುತ್ತಿತ್ತು. ದಾಸೋಹ ನಿಲ್ಲದೆ ನಡೆಯುತ್ತಿದ್ದ ಊರು ಅದು. ನನ್ನ ಅಂಗಳಕ್ಕೆ ಆ ಭರವಸೆ ಇಲ್ಲ. ಇದು ಹೆಚ್ಚಿಗೆ ತಂದದ್ದಲ್ಲ, ಮುಂಚಿತವಾಗಿ ಬಂದದ್ದು.

ವಾದ ಗಟ್ಟಿಯಾಗಿಯೇ ಇದೆ. ಆದರೂ ಆಕೆ ಇಷ್ಟಕ್ಕೆ ಸುಮ್ಮನಾಗುವವಳಲ್ಲ. ಎಷ್ಟು ತಿಂಗಳಿಗಾಗುವಷ್ಟು ಇಟ್ಟುಕೊಂಡಿದ್ದೀಯ ಎಂದು ಕೇಳಿಯಾಳು. ಅಗತ್ಯಕ್ಕೆ ಲೆಕ್ಕವಿದೆ, ಭಯಕ್ಕಿಲ್ಲ. ಇವೆರಡರ ನಡುವಿನ ಗೆರೆ ಗೊತ್ತಾಗಬೇಕಾದರೆ ಖರ್ಚಿನ ಪಟ್ಟಿಯನ್ನೇ ಬಿಚ್ಚಬೇಕು.

ಬಿಚ್ಚಿದರೆ ಪಟ್ಟಿಯೂ ನಂಬಿಕೆಗೆ ಅರ್ಹವಲ್ಲ. ಇಂಟರ್‌ನೆಟ್, ಯುಪಿಎಸ್ ಬ್ಯಾಟರಿ, ಆಡಿಟರ್ ಫೀಸು, ಕೆಲವೇ ವರ್ಷಕ್ಕೆ ಹಳತಾಗುವ ಲ್ಯಾಪ್‌ಟಾಪ್, ಇವು ಸರಿ. ಕೆಲವು ಖರ್ಚು ಇಳಿದದ್ದೂ ಉಂಟು: ಸೈಟು ಸುರಕ್ಷಿತವೆಂದು ಬ್ರೌಸರ್ ತೋರಿಸುವ ಬೀಗದ ಗುರುತು ತರಲು ದುಡ್ಡು ಕೊಡಬೇಕಿತ್ತು, 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಬಂದು ಅದನ್ನು ಪುಕ್ಕಟೆ ಮಾಡಿತು. ಆದರೆ ಸಾಫ್ಟ್‌ವೇರ್ ಹಿಮ್ಮುಖವಾಗಿ ನಡೆಯಿತು. ಅಡೋಬಿಯ ಫೋಟೋಶಾಪನ್ನು ಒಮ್ಮೆ ಕೊಂಡರೆ ಅದು ನಮ್ಮದಾಗುತ್ತಿತ್ತು. 2013ರಲ್ಲಿ ಕಂಪನಿ ಚಂದಾ ಪದ್ಧತಿಗೆ ಹೊರಳಿತು. ಆಮೇಲೆ ಥೀಮು, ಪ್ಲಗಿನ್ನು, ಬ್ಯಾಕಪ್ಪು ಎಲ್ಲವೂ ಅದೇ ದಾರಿ ಹಿಡಿದವು. ಬಡಗಿಯ ಉಳಿ ಅವನದೇ; ನಮ್ಮ ಉಳಿಗೆ ಬಾಡಿಗೆ. ಕೆಲಸವಿಲ್ಲದ ತಿಂಗಳೂ ಬಾಡಿಗೆ ನಿಲ್ಲುವುದಿಲ್ಲ. ಹಾಗಾದರೆ ನನ್ನ ‘ಸಾಕು’ ಎಷ್ಟೆಂದು ನಿರ್ಧರಿಸುವವರು ಯಾರು? ಅರ್ಧಕ್ಕರ್ಧ ಬೇರೆಲ್ಲೋ ಕೂತವರು, ಡಾಲರಿನಲ್ಲಿ.

ಇನ್ನೊಂದು ವಿಚಿತ್ರ ಈ ಪಟ್ಟಿಯಲ್ಲಿದೆ. ಲ್ಯಾಪ್‌ಟಾಪ್ ಕುಡಿದ ಕರೆಂಟು ಖರ್ಚು. ಅದರ ಮುಂದೆ ಕೂತವನು ಉಂಡ ಅಕ್ಕಿ ಲಾಭ. ಲೆಕ್ಕಶಾಸ್ತ್ರ ಹಾಗೆಯೇ ಬರೆಯುತ್ತದೆ. ಕೆಲವು ವೃತ್ತಿಗಳವರಿಗೆಂದು 2016ರ ಬಜೆಟ್ಟಿನಲ್ಲಿ ಬಂದ ಅಂದಾಜು ತೆರಿಗೆ ಪದ್ಧತಿ, ಖರ್ಚಿನ ರಸೀದಿ ಕೇಳದೆ ಒಟ್ಟು ಬಂದದ್ದರ ಅರ್ಧವನ್ನು ಲಾಭವೆಂದು ಒಪ್ಪಿಕೊಳ್ಳುತ್ತದೆ. (ವೆಬ್ ವಿನ್ಯಾಸ ಅದರೊಳಗೆ ಬರುತ್ತದೆಯೇ ಎಂಬುದನ್ನು ಆಡಿಟರ್ ಜೊತೆ ಕೂತೇ ತೀರ್ಮಾನಿಸಬೇಕು.) ಉದಾರವಾದ ಅಂದಾಜು, ನಿಜ. ಆದರೂ ಕೊಟೇಶನ್ ಬರೆದು ಉತ್ತರವೇ ಬಾರದ ಸಂಜೆಗಳು, “ಒಂದು ಚಿಕ್ಕ ಚೇಂಜ್” ಎಂದು ಪುಕ್ಕಟೆ ಹೋದ ಭಾನುವಾರಗಳು ಯಾವ ಕಲಮಿನಲ್ಲೂ ಇಲ್ಲ. ಹಣ ಹೊರಗೆ ಹೋಗಲಿಲ್ಲ, ಆದ್ದರಿಂದ ಏನೂ ಹೋಗಲಿಲ್ಲ.

ಈ ಹೋದದ್ದನ್ನೆಲ್ಲ ಎಲ್ಲಿ ತುಂಬಿಕೊಳ್ಳುವುದು? ದರದಲ್ಲಿಯೇ. ಅಂದರೆ ನನ್ನ ಖಾಲಿ ತಿಂಗಳ ಊಟವನ್ನು ಇಂದಿನ ಕ್ಲೈಂಟಿನ ಬಿಲ್ಲಿಗೆ ಸೇರಿಸಬೇಕು, ಅವರಿಗೂ ಆ ತಿಂಗಳಿಗೂ ಸಂಬಂಧವಿಲ್ಲದಿದ್ದರೂ. ಇದು ನ್ಯಾಯವೇ ಎಂಬ ಅಳುಕು ಬಹಳ ಕಾಲ ನನ್ನಲ್ಲಿತ್ತು. ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇ ಒಂದರ ಯಜಮಾನರು “ನಾಲ್ಕು ಪೇಜಿಗೆ ಇಷ್ಟ್ಯಾಕ್ರೀ?” ಎಂದು ಚೌಕಾಸಿಗೆ ಇಳಿದಾಗ ಉತ್ತರ ತೋಚಲಿಲ್ಲ. ಒಂದಿಷ್ಟು ಇಳಿಸಿಯೇ ಕೆಲಸ ಶುರು ಮಾಡಿದೆ. ಆಮೇಲೆ ಅವರು ರೂಮಿನ ದರಪಟ್ಟಿ ಕಳಿಸಿದರು. ಶನಿವಾರದ ಬಾಡಿಗೆ ಮಂಗಳವಾರದ್ದಕ್ಕಿಂತ ಎಷ್ಟೋ ಹೆಚ್ಚು. ಅದೇ ರೂಮು, ಅದೇ ಹಾಸಿಗೆ, ಅದೇ ಅಕ್ಕಿರೊಟ್ಟಿ. ಬೀಗ ಹಾಕಿದ್ದ ಮಂಗಳವಾರಗಳಿಗೂ ಶನಿವಾರದವರೇ ಕೊಡುತ್ತಾರೆ. ಆ ಪಟ್ಟಿಯನ್ನು ಅವರ ಸೈಟಿಗೆ ನಾನೇ ಟೈಪ್ ಮಾಡಿ ಹಾಕಿದೆ.