ಗಾಳಿ ಬೇಡದವರು

ಇಳಿತವಾದಾಗ ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕಲು ಇಳಿದವರ ಕೈಗೆ ಎರಡು ಬಣ್ಣದ ಕೆಸರು ಹತ್ತುತ್ತದೆ. ಮೇಲಿನದು ಕಂದು, ಅಡಿಯದು ಅಪ್ಪಟ ಕಪ್ಪು. ಮೆತ್ತನೆಯ ಜಾಗದಲ್ಲಿ ಕಂದು ಪದರದ ದಪ್ಪ ಕೆಲವೇ ಮಿಲಿಮೀಟರ್. ಬೆರಳಿನಿಂದ ಸರಿಸಿದರೆ ಸಾಕು, ಕಪ್ಪು ಕಾಣುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿಯೂ, ಭಟ್ಕಳದ ಶರಾಬಿ ಹೊಳೆಯ ಬಾಯಲ್ಲಿಯೂ ಇಂಥದೇ ಕೆಸರು. ಹುಟ್ಟಿದಂದಿನಿಂದ ಕಂಡವರಿಗೆ ಅದು ಬರೀ ರಾಡಿ. ನನಗಂತೂ ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿಲ್ಲ.

ಕಂದು ಪದರದಲ್ಲಿ ಗಾಳಿ ಬೇಕಾದ ಬ್ಯಾಕ್ಟೀರಿಯಾಗಳ ವಾಸ. ನೀರಿನಿಂದ ಇಳಿದುಬರುವ ಆಮ್ಲಜನಕವನ್ನು ಅವೇ ಮುಗಿಸಿಬಿಡುತ್ತವೆ. ಕೆಳಗಿನವಕ್ಕೆ ಏನೂ ಉಳಿಯುವುದಿಲ್ಲ, ಅವಕ್ಕೆ ಅದು ಬೇಕಾಗಿಯೂ ಇಲ್ಲ. ಕಡಲ ನೀರಿನಲ್ಲಿ ಕರಗಿರುವ ಸಲ್ಫೇಟನ್ನೇ ಉಸಿರಾಟಕ್ಕೆ ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಹೊರಬಿಡುವ ಜೀವಿಗಳು ಅವು. ಮೂಗಿಗೆ ಬಡಿಯುವುದು ಆ ಅನಿಲ. ಅದು ಮಣ್ಣಿನ ಕಬ್ಬಿಣದ ಜೊತೆ ಕೂಡಿದಾಗ ಕೆಸರು ಕಪ್ಪಾಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನೇ ಒಂದು ಗಾಜಿನ ನಳಿಕೆಯಲ್ಲಿ ತೋರಿಸುತ್ತಾರೆ. ಅರೆಗಟ್ಟಿ ಆಹಾರ ತುಂಬಿದ ನಳಿಕೆಗೆ ಗಾಳಿ ಮೇಲಿನಿಂದ ಮಾತ್ರ ಇಳಿಯುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಬಿತ್ತಿ ಒಂದೆರಡು ದಿನ ಬಿಟ್ಟರೆ, ಯಾರಿಗೆ ಎಷ್ಟು ಗಾಳಿ ಬೇಕೆಂಬುದು ಬರಿಗಣ್ಣಿಗೇ ಗೊತ್ತಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಹಾಗೆ ಗಾಳಿಯಿಲ್ಲದೆ ಬೆಳೆಯಲಾರದವು ಮೇಲ್ತುದಿಯಲ್ಲೇ ಉಳಿಯುತ್ತವೆ. ಧನುರ್ವಾಯು ತರುವಂಥವು ತಳ ಸೇರುತ್ತವೆ. ಕೊಂಚ ಗಾಳಿ ಬೇಕು, ಹೆಚ್ಚಾದರೆ ತಡೆಯಲಾರೆವು ಎನ್ನುವವು ಮೇಲ್ಮೈಯಿಂದ ತುಸು ಕೆಳಗೆ ಒಂದು ತೆಳು ಗೆರೆ ಕಟ್ಟುತ್ತವೆ. ನಮ್ಮ ಕರುಳಿನ ಇ. ಕೋಲಿ ಗಾಳಿ ಸಿಕ್ಕರೆ ಬಳಸುತ್ತದೆ, ಸಿಗದಿದ್ದರೂ ಬದುಕುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಗಾಳಿಯ ಗೊಡವೆಯೇ ಇಲ್ಲ, ಅದು ಬಂದರೆ ಸಾಯುವುದೂ ಇಲ್ಲ.

ಗಾಳಿಯಿಲ್ಲದೆ ಬದುಕುವ ಜೀವ ಇದೆಯೆಂದು 1861ರಲ್ಲಿ ಹೇಳಿದವನು ಲೂಯಿ ಪಾಶ್ಚರ್. ಸೂಕ್ಷ್ಮದರ್ಶಕದಡಿಯ ಒಂದು ಹನಿಯಲ್ಲಿ ಅವನು ಕಂಡದ್ದಿಷ್ಟು: ಗಾಳಿ ತಾಗುವ ಅಂಚಿನಲ್ಲಿದ್ದ ಬ್ಯಾಕ್ಟೀರಿಯಾಗಳು ಚಲನೆ ನಿಲ್ಲಿಸಿದ್ದವು, ನಡುವಿನವು ಚುರುಕಾಗಿ ಓಡಾಡುತ್ತಿದ್ದವು. ಗಾಳಿಯೇ ಅವನ್ನು ಕೆಡಿಸುತ್ತಿತ್ತು.

ಅದು ನಮ್ಮನ್ನೂ ಕೆಡಿಸಬಲ್ಲದು. ಜೀವಕೋಶದೊಳಗೆ ಹೊಕ್ಕ ಆಮ್ಲಜನಕದ ಸ್ವಲ್ಪ ಭಾಗ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ ವಿಷಗಳಾಗಿ ಮಾರ್ಪಡುತ್ತದೆ. ಅವನ್ನು ಮುರಿಯುವ ಕಿಣ್ವಗಳು ನಮ್ಮಲ್ಲಿವೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸಬುಸನೆ ನೊರೆ ಬರುತ್ತದಲ್ಲ, ಅದು ನಮ್ಮ ರಕ್ತದ ಕೆಟಲೇಸ್ ಕಿಣ್ವದ ಕೆಲಸ. ಕಪ್ಪು ಕೆಸರಿನ ಜೀವಿಗಳಲ್ಲಿ ಬಹಳಷ್ಟಕ್ಕೆ ಈ ರಕ್ಷಣೆ ಸಾಲದು. ಒಂದೊಂದು ಉಸಿರಿಗೂ ನಾವು ವಿಷ ಕುಡಿದು, ಅದನ್ನು ಅರಗಿಸಿಕೊಂಡು ಬದುಕುತ್ತಿದ್ದೇವೆ ಎಂದು ತಿಳಿದಾಗ ನನ್ನ ಮೈ ಝುಮ್ಮೆಂದಿತ್ತು.

ಸುಮಾರು 240 ಕೋಟಿ ವರ್ಷಗಳ ಹಿಂದಿನವರೆಗೆ ಈ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲವೆನ್ನಬಹುದು. ಆಗ ಇಡೀ ಲೋಕ ಗಾಳಿ ಬೇಡದವರದ್ದು. ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಕಲಿತ ನೀಲಿಹಸಿರು ಬ್ಯಾಕ್ಟೀರಿಯಾಗಳು ಹೊರಬಿಟ್ಟ ಆಮ್ಲಜನಕ ಮೆಲ್ಲಮೆಲ್ಲನೆ ಗಾಳಿಗೆ ಸೇರಿತು. ಹಳೆಯ ನಿವಾಸಿಗಳಿಗೆ ಕೆಸರಿನಡಿ ಜಾಗ ಉಳಿಯಿತು. ಮುಂದೆ ಪ್ರಾಣಿಗಳ ಕರುಳು ಸಿಕ್ಕಿತು.

ಆ ಕಪ್ಪಿನಲ್ಲಿ ಬೇರೂರಬೇಕಾದವರ ಪಾಡು ನೋಡಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಲವು ಜಾತಿಯ ಮರಗಳು ಉಸಿರಾಡುವ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿ ನಿಲ್ಲಿಸುತ್ತವೆ. ಕುಮಟಾದ ಮಾಣಿಕಟ್ಟಾ ಗಜನಿಯಲ್ಲಿ, ಎಂದರೆ ಉಪ್ಪುನೀರಿನ ಗದ್ದೆಯಲ್ಲಿ, ಬೆಳೆಯುವ ಕಗ್ಗದ ಭತ್ತಕ್ಕೂ, ಎಲ್ಲ ಭತ್ತದಂತೆ, ಎಲೆಯಿಂದ ಬೇರಿನವರೆಗೆ ಗಾಳಿ ಇಳಿಸುವ ಕೊಳವೆಗಳು ಒಳಗೇ ಇರುತ್ತವೆ. ನೀರು ನಿಂತ ಗದ್ದೆಯಿಂದ ಬುಡ ಕಿತ್ತು ತೊಳೆದು ನೋಡಿ. ಬೇರಿನ ಮೇಲೆ ತುಕ್ಕಿನ ಬಣ್ಣ ಹತ್ತಿರುತ್ತದೆ. ಬೇರಿನಿಂದ ಸೋರಿದ ಗಾಳಿ ತಾಗಿ ಮಣ್ಣಿನ ಕಬ್ಬಿಣ ಅಲ್ಲೇ ತುಕ್ಕು ಹಿಡಿದಿರುತ್ತದೆ. ಕೂದಲೆಳೆಯಷ್ಟು ದಪ್ಪದ ಆ ಪದರವೇ ಅಲ್ಲಿ ಎರಡು ಲೋಕಗಳ ಗಡಿ.

ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, 2024ರ ಜನವರಿಯಲ್ಲಿ ಪ್ರಕಟಿಸಿದಾಗ ಹಕ್ಕಿ, ಮೀನು, ಬಳಚುಗಳನ್ನು ನೆನೆದು ಸಂತೋಷಪಟ್ಟೆವು. ಉದುರಿದ ಎಲೆ, ಸತ್ತ ಮೀನು ಎಲ್ಲವನ್ನೂ ಗಾಳಿಯಿಲ್ಲದ ಕತ್ತಲಲ್ಲಿ ಕೊಳೆಸಿ, ಅದರ ಸಾರವನ್ನು ಮತ್ತೆ ನೀರಿಗೆ ಬಿಡುವವರಿಗೂ ಆ ಸಂತೋಷದಲ್ಲಿ ಪಾಲು ಸಲ್ಲಬೇಕು. ಗಲೀಜೆಂದು ಮೂಗು ಮುಚ್ಚಿಕೊಳ್ಳುವುದು ಅವರಿಗೆ ನಾವು ಮಾಡುವ ಅನ್ಯಾಯ.

ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾಗಳ ನಡುವೆ ಮರದ ನಡಿಗೆದಾರಿ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇಳಿತದ ಹೊತ್ತು ಕೇಳಿಕೊಂಡು ಹೋಗಿ. ಭರತ ಬಂದಾಗ ಅಲ್ಲಿ ನೀರು ಮಾತ್ರ ಕಾಣುತ್ತದೆ.